ಬಿಸಿಗಾಳಿ ಬೀಸಲೊಲ್ಲದ ಯಂತ್ರ

ಬೆಂಗಳೂರಿನಲ್ಲಿ ಇದುವರೆಗೆ ದಾಖಲಾಗಿರುವ ಅತ್ಯಂತ ಕಡಿಮೆ ಉಷ್ಣತೆ 7.8 ಡಿಗ್ರಿ ಸೆಲ್ಸಿಯಸ್. ಅದು 1884ರ ಜನವರಿ ತಿಂಗಳಿನ ಮಾತು. ದೆಹಲಿಯಲ್ಲಾದರೋ ಜನವರಿ ತಿಂಗಳ ರಾತ್ರಿಗಳ ಸರಾಸರಿ ಕನಿಷ್ಠ ಉಷ್ಣತೆಯೇ ಹೆಚ್ಚುಕಡಿಮೆ ಅಷ್ಟಿರುತ್ತದೆ. ಕೆಲವು ರಾತ್ರಿಗಳಲ್ಲಿ ಅದು 4 ಡಿಗ್ರಿಗೂ ಅದಕ್ಕಿಂತ ಕೆಳಗೂ ಇಳಿಯುವುದುಂಟು. ನಮ್ಮ ರಾಜಧಾನಿಯ ದಾಖಲೆಯ ಚಳಿ ಅಲ್ಲಿಯವರಿಗೆ ದಿನನಿತ್ಯದ ಚಳಿ ಎಂದಾಯಿತು.

ಕನ್ನಡನಾಡಿನಿಂದ ವ್ಯಾಸಂಗಕ್ಕಾಗಿಯೋ ಉದ್ಯೋಗಕ್ಕಾಗಿಯೋ ಉತ್ತರ ಭಾರತಕ್ಕೆ ಹೋಗಿ ನೆಲೆಸಿದವರಿಗೆ ಅಲ್ಲಿ ಹೊಸದಾಗಿ ಪರಿಚಯವಾಗುವ ವಸ್ತುಗಳಲ್ಲಿ ಬೇಸಗೆಯಲ್ಲಿ ತಂಪನ್ನೂ ಚಳಿಗಾಲದಲ್ಲಿ ಬಿಸಿಯನ್ನೂ ಕೊಡುವ ಹವಾನಿಯಂತ್ರಕವೂ ಒಂದು. ಅಂಗಡಿಯವರು ಇದನ್ನು ‘ಹಾಟ್ ಅಂಡ್ ಕೋಲ್ಡ್ ಏ.ಸಿ.’ ಎಂದು ಕರೆಯುತ್ತಾರೆ. ಬಿಸಿ ಕೊಡುವ ಕೆಲಸದಲ್ಲಿ ತೊಡಗಿರುವಾಗ ಇದಕ್ಕೆ ಎಂಜಿನಿಯರುಗಳು ಇಟ್ಟಿರುವ ಹೆಸರು ‘ಹೀಟ್ ಪಂಪ್’, ಎಂದರೆ ಶಾಖವನ್ನು ಎತ್ತುವ ಪಂಪು. ಬೇಸಗೆಯೆಲ್ಲ ಚೆನ್ನಾಗಿ ದುಡಿದ ಈ ಯಂತ್ರ ಚಳಿಗಾಲದ ಒಂದು ರಾತ್ರಿ ಗುಂಡಿ ಒತ್ತಿದರೂ ಬಿಸಿಗಾಳಿಯನ್ನು ಬೀಸಲೊಲ್ಲದೆ ಹೋದರೆ ಏನು ಮಾಡಬೇಕು?

ಸಾಮಾನ್ಯವಾಗಿ ಜನ ಎರಡು ದಾರಿಗಳಲ್ಲಿ ಒಂದನ್ನು ಹಿಡಿಯುತ್ತಾರೆ. ಕೆಲವರು ಕೂಡಲೆ ದುರಸ್ತಿಯವನನ್ನು ಕರೆಸಿ, ಅವನು ‘ಗ್ಯಾಸು ಮುಗಿದಿದೆ’ ಎಂದರೆ ಮರುಮಾತಿಲ್ಲದೆ ಹಣ ಕೊಡುತ್ತಾರೆ. ಇನ್ನು ಕೆಲವರು ಆ ರಾತ್ರಿ ಕಳೆದರೆ ಸಾಕೆಂದು ಬಾಗಿಲು ಕಿಟಕಿಗಳನ್ನು ಭದ್ರಪಡಿಸಿ ಕೋಣೆಯೊಳಗೆ ಇದ್ದಲಿನ ಅಗ್ಗಿಷ್ಟಿಕೆಯನ್ನು ಹೊತ್ತಿಸುತ್ತಾರೆ. ಮೊದಲನೆಯದರಿಂದ ಹಣ ನಷ್ಟವಾಗಬಹುದು; ಎರಡನೆಯದರಿಂದ ಪ್ರಾಣವೇ ಹೋಗಬಹುದು. ಈ ಎರಡು ದಾರಿಗಳಲ್ಲದೆ ಮೂರನೆಯ ದಾರಿಯೊಂದಿದೆ. ಅದು ಶಾಖ ಯಾವ ಹಾದಿಯಲ್ಲಿ ಹರಿಯಬೇಕಾಗಿತ್ತೆಂಬುದನ್ನು ಅರಿತು, ಎಲ್ಲಿ ತಡೆಯುಂಟಾಗಿದೆಯೆಂದು ಒಂದೊಂದೇ ಹೆಜ್ಜೆಯಾಗಿ ವಿಚಾರಿಸುವ ದಾರಿ. ಅದನ್ನು ಈ ಲೇಖನದಲ್ಲಿ ಪರಿಶೀಲಿಸೋಣ.

ಶಾಖದ ಏತ

ಮೊದಲು ಒಂದು ತಪ್ಪು ತಿಳಿವಳಿಕೆಯನ್ನು ದೂರಮಾಡಬೇಕು. ಈ ಯಂತ್ರ ಶಾಖವನ್ನು ಉತ್ಪಾದಿಸುವುದಿಲ್ಲ, ಸಾಗಿಸುತ್ತದೆ. ಸೌದೆಯ ಒಲೆಯಲ್ಲಿ ರಾಸಾಯನಿಕ ಶಕ್ತಿ ಶಾಖವಾಗುತ್ತದೆ. ಕೆಂಪಗೆ ಕಾಯುವ ತಂತಿಯ ಹೀಟರಿನಲ್ಲಿ ವಿದ್ಯುಚ್ಛಕ್ತಿ ಶಾಖವಾಗುತ್ತದೆ. ಹೀಟ್ ಪಂಪಿನ ಬಗೆ ಇದಲ್ಲ. ನಮ್ಮ ಹಳ್ಳಿಗಳಲ್ಲಿದ್ದ ಏತವನ್ನು ನೆನೆದುಕೊಂಡರೆ ಇದು ಸುಲಭವಾಗಿ ಮನಸ್ಸಿಗೆ ಹತ್ತುತ್ತದೆ. ಏತ ತುಳಿಯುವವನು ನೀರನ್ನು ಸೃಷ್ಟಿಸುವುದಿಲ್ಲ. ನೀರು ಬಾವಿಯಲ್ಲಿ ಇದ್ದೇ ಇದೆ. ತಾನಾಗಿ ಅದು ಮೇಲಿನ ಗದ್ದೆಗೆ ಏರಲಾರದಷ್ಟೆ. ಅದನ್ನು ಕೆಳಮಟ್ಟದಿಂದ ಮೇಲ್ಮಟ್ಟಕ್ಕೆ ಎತ್ತುವುದಕ್ಕಾಗಿ ಆಳು ದುಡಿಯುತ್ತಾನೆ. ಹಾಗೆಯೇ ಹೊರಗಿನ ತಣ್ಣನೆಯ ಗಾಳಿಯಲ್ಲಿ ಶಾಖವಿದೆ; ತಾನಾಗಿ ಅದು ಬೆಚ್ಚನೆಯ ಕೋಣೆಯೊಳಕ್ಕೆ ಏರಲಾರದು. ಅದನ್ನು ಎತ್ತಿ ಒಳಗೆ ಸುರಿಯುವುದಕ್ಕೆ ವಿದ್ಯುತ್ತು ಬೇಕು.

4 ಡಿಗ್ರಿಯ ಗಾಳಿಯಲ್ಲಿ ಶಾಖವೆಲ್ಲಿಂದ ಬಂತು ಎಂದು ವಾಚಕರು ಕೇಳಬಹುದು. ತಣ್ಣಗಿರುವುದೆಂದರೆ ಶಾಖವೇ ಇಲ್ಲವೆಂದಲ್ಲ. ಶಾಖದ ನಿಜವಾದ ತಳಮಟ್ಟ ಸೊನ್ನೆ ಡಿಗ್ರಿಗಿಂತ 273 ಡಿಗ್ರಿ ಕೆಳಗಿದೆ. ಆ ನಿರಪೇಕ್ಷ ಸೊನ್ನೆಯಿಂದ ಎಣಿಸಿದರೆ 22 ಡಿಗ್ರಿಯ ಕೋಣೆಯ ಉಷ್ಣತೆ 295. 4 ಡಿಗ್ರಿಯ ಹೊರಗಾಳಿಯದು 277. ನಮ್ಮ ಮೈಯನ್ನು ನಡುಗಿಸುವ ಚಳಿ ನಿರಪೇಕ್ಷ ಮಾನದಲ್ಲಿ ನೂರಕ್ಕೆ ಆರರಷ್ಟು ಇಳಿತ ಮಾತ್ರ. ಶಾಖದ ಬಾವಿ ಬತ್ತಿಲ್ಲ. ನೀರಿನ ಮಟ್ಟ ಕೊಂಚ ತಗ್ಗಿದೆ, ಅಷ್ಟೆ.

ಎತ್ತಬೇಕಾದ ಎತ್ತರ ಕಡಿಮೆಯಾದಷ್ಟೂ ದುಡಿಮೆ ಕಡಿಮೆ. ಇದರಿಂದಲೇ ಈ ಯಂತ್ರದ ಮಿತವ್ಯಯ. ಉತ್ತಮ ಸ್ಥಿತಿಯಲ್ಲಿರುವ ಯಂತ್ರ ಒಂದು ಯೂನಿಟ್ ವಿದ್ಯುತ್ತನ್ನು ವ್ಯಯಿಸಿ, ಹೊರಗಿನಿಂದ ಸುಮಾರು ಎರಡು ಯೂನಿಟ್ಟಿನಷ್ಟು ಶಾಖವನ್ನು ಎತ್ತಿ ತಂದು, ಒಟ್ಟು ಮೂರು ಯೂನಿಟ್ಟಿನಷ್ಟು ಶಾಖವನ್ನು ಕೋಣೆಗೆ ಕೊಡಬಲ್ಲದು. ತಂತಿಯ ಹೀಟರು ಒಂದಕ್ಕೆ ಒಂದನ್ನು ಮಾತ್ರ ಕೊಡುತ್ತದೆ.

ಈ ಕಲ್ಪನೆ ಹೊಸದೇನಲ್ಲ. ಫ್ರಾನ್ಸಿನ ಸಾದಿ ಕಾರ್ನೊ 1824ರಲ್ಲಿ ಉಷ್ಣಯಂತ್ರಗಳ ತತ್ತ್ವವನ್ನು ಪ್ರತಿಪಾದಿಸಿದನು. ಮುಂದೆ ಲಾರ್ಡ್ ಕೆಲ್ವಿನ್ ಎಂದು ಪ್ರಸಿದ್ಧನಾದ ವಿಲಿಯಂ ಥಾಮ್ಸನ್, ಅದೇ ತತ್ತ್ವವನ್ನು ಹಿಂದುಮುಂದಾಗಿಸಿ ಕಟ್ಟಡಗಳನ್ನು ಬಿಸಿಮಾಡಲೂ ತಂಪುಮಾಡಲೂ ಬಳಸಬಹುದೆಂದು 1852ರಲ್ಲಿ ತೋರಿಸಿದನು. 1938ರಲ್ಲಿ ಸ್ವಿಟ್ಜರ್ಲೆಂಡಿನ ಜ್ಯೂರಿಕ್ ನಗರದ ಪುರಭವನಕ್ಕೆ ಲಿಮ್ಮಾಟ್ ನದಿಯ ತಣ್ಣೀರಿನಿಂದ ಶಾಖವನ್ನೆತ್ತಿ ಕೊಡುವ ಯಂತ್ರವನ್ನು ಅಳವಡಿಸಲಾಯಿತು. ನದಿಯ ಬದಲು ಗಾಳಿ ಎಂಬುದೊಂದನ್ನು ಬಿಟ್ಟರೆ ಇಂದು ದೆಹಲಿಯ ಮನೆಯ ಗೋಡೆಯ ಮೇಲಿರುವುದು ಅದರದೇ ವಂಶದ ಯಂತ್ರ.

ಶಾಖ ಹರಿಯುವ ಹಾದಿ

ಯಂತ್ರಕ್ಕೆ ಎರಡು ಪೆಟ್ಟಿಗೆಗಳು. ಒಂದು ಕೋಣೆಯ ಗೋಡೆಯ ಮೇಲಿರುತ್ತದೆ; ಇನ್ನೊಂದು ಹೊರಗೆ ಬಾಲ್ಕನಿಯಲ್ಲೋ ಮಾಳಿಗೆಯ ಮೇಲೋ ಇರುತ್ತದೆ. ಇವುಗಳನ್ನು ನಾವು ಒಳಪೆಟ್ಟಿಗೆ, ಹೊರಪೆಟ್ಟಿಗೆ ಎಂದು ಕರೆಯೋಣ. ಎರಡರಲ್ಲಿಯೂ ಸುರುಳಿಯಾಗಿ ಬಾಗಿಸಿದ ಕೊಳವೆಗಳೂ ಅವುಗಳಿಗೆ ಅಂಟಿದ ತೆಳು ತಗಡಿನ ರೆಕ್ಕೆಗಳೂ ಒಂದೊಂದು ಬೀಸಣಿಗೆಯೂ ಇವೆ. ಸುರುಳಿಗಳನ್ನು ಎರಡು ತಾಮ್ರದ ಕೊಳವೆಗಳು ಜೋಡಿಸುತ್ತವೆ. ಇವುಗಳೊಳಗೆ ಸುತ್ತುವ ವಸ್ತುವಿಗೆ ಶೈತ್ಯಕಾರಕವೆಂದು ಹೆಸರು. ಬಳಕೆಯ ಮಾತಿನಲ್ಲಿ ಅದೇ ‘ಗ್ಯಾಸು’. ಈಚಿನ ಯಂತ್ರಗಳಲ್ಲಿ ಹೆಚ್ಚಾಗಿ ತುಂಬುವ ಆರ್-32 ಎಂಬ ಶೈತ್ಯಕಾರಕ ವಾತಾವರಣದ ಸಾಮಾನ್ಯ ಒತ್ತಡದಲ್ಲಿ ಸೊನ್ನೆಗಿಂತ ಸುಮಾರು 52 ಡಿಗ್ರಿ ಕೆಳಗೇ ಕುದಿದುಬಿಡುತ್ತದೆ.

ಅಂಗೈಯ ಮೇಲೆ ಸ್ಪಿರಿಟ್ ಹಚ್ಚಿಕೊಂಡರೆ ತಣ್ಣಗಾಗುವುದು ಎಲ್ಲರಿಗೂ ಗೊತ್ತು. ದ್ರವ ಆವಿಯಾಗುವಾಗ ಸುತ್ತಲಿನ ಶಾಖವನ್ನು ಹೀರುತ್ತದೆ. ಸೈಕಲ್ಲಿಗೆ ಗಾಳಿ ಹೊಡೆಯುವಾಗ ಪಂಪಿನ ತುದಿ ಬಿಸಿಯಾಗುವುದೂ ಗೊತ್ತು. ಅನಿಲವನ್ನು ಅದುಮಿದರೆ ಅದರ ಉಷ್ಣತೆ ಏರುತ್ತದೆ. ನಮ್ಮ ಯಂತ್ರದ ಕೆಲಸವೆಲ್ಲ ಈ ಎರಡು ಸಂಗತಿಗಳಿಂದ ನಡೆಯುತ್ತದೆ. ಚಳಿಗಾಲದಲ್ಲಿ ಶೈತ್ಯಕಾರಕ ಹೊರಪೆಟ್ಟಿಗೆಯ ಸುರುಳಿಯಲ್ಲಿ, ಹೊರಗಾಳಿಗಿಂತಲೂ ಕೆಲವು ಡಿಗ್ರಿ ತಣ್ಣಗಿದ್ದು, ಆ ಗಾಳಿಯಿಂದ ಶಾಖವನ್ನು ಹೀರಿ ಆವಿಯಾಗುತ್ತದೆ. ಆ ಆವಿಯನ್ನು ಸಂಪೀಡಕ, ಎಂದರೆ ಕಂಪ್ರೆಸರ್, ವಾತಾವರಣದ ಒತ್ತಡದ ಸುಮಾರು 25 ಪಟ್ಟಿಗೆ ಅದುಮುತ್ತದೆ. ಬಿಸಿಯಾದ ಆವಿ ಒಳಪೆಟ್ಟಿಗೆಯ ಸುರುಳಿಗೆ ಬಂದು, ಕೋಣೆಯ ಗಾಳಿಗೆ ಶಾಖವನ್ನು ಒಪ್ಪಿಸಿ ದ್ರವವಾಗುತ್ತದೆ. ದ್ರವ ಒಂದು ಇಕ್ಕಟ್ಟಾದ ರಂಧ್ರದ ಮೂಲಕ ನುಗ್ಗಿ, ಒತ್ತಡವನ್ನು ಕಳೆದುಕೊಂಡು ತಣ್ಣಗಾಗಿ, ಮತ್ತೆ ಹೊರಗಿನ ಸುರುಳಿಯನ್ನು ಸೇರುತ್ತದೆ.

ಬೇಸಗೆಯಲ್ಲಿ ಈ ಹರಿವು ತಿರುಗುಮುರುಗಾಗಬೇಕು. ಒಳಗಿನ ಶಾಖ ಹೊರಕ್ಕೆ ಹೋಗಬೇಕು. ಹಾಗೆ ತಿರುಗಿಸುವುದಕ್ಕಾಗಿ ಹೊರಪೆಟ್ಟಿಗೆಯಲ್ಲಿ ನಾಲ್ಕು ಬಾಯಿಯ ಕವಾಟವೊಂದಿದೆ. ವಿದ್ಯುತ್ಕಾಂತವೊಂದು ಅದರ ನಾಲಗೆಯನ್ನು ಅತ್ತಿತ್ತ ಸರಿಸುತ್ತದೆ. ಬಿಸಿ-ತಂಪು ಯಂತ್ರಕ್ಕೂ ಕೇವಲ ತಂಪಿನ ಯಂತ್ರಕ್ಕೂ ಇರುವ ಮುಖ್ಯ ಭೇದ ಈ ಕವಾಟವೇ. ವಾಚಕರು ಇದನ್ನು ನೆನಪಿನಲ್ಲಿಟ್ಟುಕೊಳ್ಳಬೇಕು. ದೋಷವನ್ನು ಗುರುತಿಸುವಾಗ ಇದು ಮುಖ್ಯ ಸಾಕ್ಷಿಯಾಗುತ್ತದೆ.

ಮೊದಲ ಪ್ರಶ್ನೆ: ಕೆಟ್ಟಿದೆಯೆ?

ಯಂತ್ರವನ್ನು ಕೆಟ್ಟುದೆಂದು ತೀರ್ಮಾನಿಸುವುದಕ್ಕೆ ಮುನ್ನ ಅದು ನಿಜವಾಗಿ ಕೆಟ್ಟಿದೆಯೆ ಎಂದು ಕೇಳಬೇಕು. ಕೆಡದಿರುವ ಯಂತ್ರ ಕೆಟ್ಟಂತೆ ತೋರುವ ಸಂದರ್ಭಗಳು ಹಲವಿವೆ.

ಮೊದಲನೆಯದಾಗಿ, ನಮ್ಮ ದೇಶದಲ್ಲಿ ಮಾರಾಟವಾಗುವ ಹವಾನಿಯಂತ್ರಕಗಳಲ್ಲಿ ಬಹುಪಾಲು ತಂಪು ಮಾತ್ರ ಕೊಡುವಂಥವು. ಅವುಗಳಲ್ಲಿ ನಾಲ್ಕು ಬಾಯಿಯ ಕವಾಟವೇ ಇಲ್ಲ. ಒಂದೇ ಮಾದರಿಯ ರಿಮೋಟನ್ನು ಹಲವು ಯಂತ್ರಗಳಿಗೆ ಕೊಡುವುದೂ ಉಂಟಾದ್ದರಿಂದ ರಿಮೋಟಿನಲ್ಲಿ ಸೂರ್ಯನ ಚಿಹ್ನೆ ಇದ್ದಮಾತ್ರಕ್ಕೆ ಯಂತ್ರಕ್ಕೆ ಬಿಸಿಮಾಡುವ ಶಕ್ತಿ ಇದೆಯೆಂದು ಹೇಳಲಾಗದು. ಪೆಟ್ಟಿಗೆಗೆ ಅಂಟಿಸಿರುವ ವಿವರಗಳ ಫಲಕವನ್ನು ಓದಬೇಕು. ಬಿಸಿಮಾಡುವ ಸಾಮರ್ಥ್ಯವೂ ತಂಪುಮಾಡುವ ಸಾಮರ್ಥ್ಯವೂ ಬೇರೆಬೇರೆಯಾಗಿ ಅಲ್ಲಿ ನಮೂದಾಗಿದ್ದರೆ ಅದು ಎರಡೂ ಬಗೆಯ ಯಂತ್ರ. ಬಾಡಿಗೆಯ ಮನೆಗೆ ಹೊಸದಾಗಿ ಬಂದವರು ಮೊಟ್ಟಮೊದಲು ಮಾಡಬೇಕಾದ ಪರೀಕ್ಷೆ ಇದು.

ಎರಡನೆಯದಾಗಿ, ರಿಮೋಟಿನಲ್ಲಿ ಹಿಮದ ಹರಳಿನ ಚಿಹ್ನೆಯ ಬದಲು ಸೂರ್ಯನ ಚಿಹ್ನೆ ಇರಬೇಕು. ನಾವು ಗೊತ್ತುಪಡಿಸಿದ ಉಷ್ಣತೆ ಕೋಣೆಯ ಉಷ್ಣತೆಗಿಂತ ಹೆಚ್ಚಾಗಿರಬೇಕು. ಕೋಣೆ 19 ಡಿಗ್ರಿಯಲ್ಲಿರುವಾಗ ಯಂತ್ರವನ್ನು 18ಕ್ಕೆ ಇರಿಸಿದರೆ ಅದು ಸುಮ್ಮನೆ ಕುಳಿತಿರುವುದು ದೋಷವಲ್ಲ, ವಿಧೇಯತೆ. 24ಕ್ಕೋ 25ಕ್ಕೋ ಇರಿಸಿ ಕಾದುನೋಡಬೇಕು.

ಮೂರನೆಯದಾಗಿ, ಕಾಯುವ ತಾಳ್ಮೆ ಬೇಕು. ನಿಂತ ಸಂಪೀಡಕ ಮತ್ತೆ ಹೊರಡುವುದಕ್ಕೆ ಮುನ್ನ ಕೊಳವೆಗಳೊಳಗಿನ ಒತ್ತಡ ಸಮನಾಗಲೆಂದು ಯಂತ್ರ ಸುಮಾರು ಮೂರು ನಿಮಿಷ ತಡೆಯುತ್ತದೆ. ಅನಂತರವೂ ಒಳಪೆಟ್ಟಿಗೆಯ ಬೀಸಣಿಗೆ ಕೂಡಲೆ ತಿರುಗುವುದಿಲ್ಲ. ಸುರುಳಿ ಬಿಸಿಯಾಗುವವರೆಗೆ ನಮ್ಮ ಮೇಲೆ ತಣ್ಣನೆಯ ಗಾಳಿ ಬೀಸದಿರಲೆಂದು ಅದು ನಿಂತೇ ಇರುತ್ತದೆ. ಅಸಹನೆಯಿಂದ ಮತ್ತೆ ಮತ್ತೆ ಗುಂಡಿ ಒತ್ತಿ ನಿಲ್ಲಿಸಿ ಹೊರಡಿಸುವವರು ಈ ಕಾಯುವಿಕೆಯನ್ನು ಪ್ರತಿಸಲವೂ ಮೊದಲಿನಿಂದ ಆರಂಭಿಸುತ್ತಾರೆ. ಹದಿನೈದು ನಿಮಿಷ ಅದರ ಪಾಡಿಗೆ ಅದನ್ನು ಬಿಡತಕ್ಕದ್ದು.

ಹಿಮ ಕರಗುವ ಹೊತ್ತು

ನಾಲ್ಕನೆಯ ಸಂದರ್ಭ ಹೆಚ್ಚು ಸ್ವಾರಸ್ಯವಾದುದು. ಹೆಚ್ಚು ಜನರನ್ನು ಗಾಬರಿಗೊಳಿಸುವುದೂ ಇದೇ. ಹೊರಗೆ 4 ಡಿಗ್ರಿ ಇರುವಾಗ ಹೊರಪೆಟ್ಟಿಗೆಯ ಸುರುಳಿ ಸೊನ್ನೆಗಿಂತ ಮೂರು ನಾಲ್ಕು ಡಿಗ್ರಿ ಕೆಳಗಿರುತ್ತದೆ. ದೆಹಲಿಯ ಜನವರಿಯ ಗಾಳಿ ಮಂಜಿನಿಂದ ಕೂಡಿ ಒದ್ದೆಯಾಗಿರುವುದರಿಂದ ಅದರ ತೇವ ಸುರುಳಿಯ ಮೇಲೆ ಬಿಳಿಯ ಹಿಮವಾಗಿ ಕಟ್ಟಿಕೊಳ್ಳುತ್ತದೆ. ಹಿಮ ರೆಕ್ಕೆಗಳ ನಡುವಿನ ಸಂದುಗಳನ್ನು ಮುಚ್ಚಿದಂತೆ ಗಾಳಿ ಒಳನುಗ್ಗಲಾರದು, ಶಾಖವೂ ದೊರೆಯದು.

ಆಗ ಯಂತ್ರ ತಾನಾಗಿ ಒಂದು ಉಪಾಯವನ್ನು ಹೂಡುತ್ತದೆ. ಕವಾಟವನ್ನು ಬೇಸಗೆಯ ಸ್ಥಾನಕ್ಕೆ ತಿರುಗಿಸಿ, ಎರಡು ಬೀಸಣಿಗೆಗಳನ್ನೂ ನಿಲ್ಲಿಸಿ, ಬಿಸಿ ಆವಿಯನ್ನು ಹೊರಗಿನ ಸುರುಳಿಗೇ ಕಳುಹಿಸುತ್ತದೆ. ಒಂದು ಗ್ರಾಂ ಹಿಮ ಕರಗಲು ಸುಮಾರು 80 ಕ್ಯಾಲೊರಿ ಶಾಖ ಬೇಕೆಂದು ಶಾಲೆಯಲ್ಲಿ ಕಲಿತಿದ್ದೇವೆ. ಒಂದು ಕಿಲೋಗ್ರಾಂ ಹಿಮಕ್ಕೆ 80,000 ಕ್ಯಾಲೊರಿ! ಈ ಸಾಲವನ್ನು ಯಂತ್ರ ಕೆಲವು ನಿಮಿಷಗಳ ಮಟ್ಟಿಗೆ ನಮ್ಮ ಕೋಣೆಯಿಂದಲೇ ಪಡೆಯುತ್ತದೆ. ಆ ಹೊತ್ತಿನಲ್ಲಿ ಒಳಗೆ ಬಿಸಿಗಾಳಿ ನಿಲ್ಲುತ್ತದೆ. ಕೊಳವೆಯಲ್ಲಿ ‘ಸುಯ್’ ಎಂಬ ಸದ್ದು ಕೇಳಿಸುತ್ತದೆ. ಹೊರಪೆಟ್ಟಿಗೆಯಿಂದ ನೀರು ತೊಟ್ಟಿಕ್ಕುತ್ತದೆ, ಬಿಳಿಯ ಹಬೆಯೂ ಏಳುತ್ತದೆ. ಹಬೆಯನ್ನು ಹೊಗೆಯೆಂದು ಭ್ರಮಿಸಿ ವಿದ್ಯುತ್ತನ್ನು ಕಡಿದುಬಿಟ್ಟರೆ ಹಿಮ ಹಾಗೆಯೇ ಉಳಿಯುತ್ತದೆ. ಸುಟ್ಟ ವಾಸನೆ ಇಲ್ಲದಿದ್ದರೆ ಹತ್ತು ನಿಮಿಷ ಕಾಯಬೇಕು. ಯಂತ್ರ ಮತ್ತೆ ಬಿಸಿಗಾಳಿಯನ್ನು ಬೀಸಿದರೆ ಅದು ಸ್ವಸ್ಥವಾಗಿದೆ ಎಂದೇ ಅರ್ಥ. ಹಿಮ ಗಟ್ಟಿಯಾಗಿ ಕಟ್ಟಿ ಗಂಟೆಗಳು ಕಳೆದರೂ ಕರಗದಿದ್ದರೆ ಮಾತ್ರ ದೋಷವಿದೆ. ಆಗಲೂ ಚೂರಿಯಿಂದಲೋ ಸಲಾಕೆಯಿಂದಲೋ ಅದನ್ನು ಕೆತ್ತಲಾಗದು. ತೆಳು ಕೊಳವೆ ತೂತಾದರೆ ಸಣ್ಣ ದೋಷ ದೊಡ್ಡದಾಗುತ್ತದೆ.

ಗಾಳಿಯ ಹಾದಿ

ಯಂತ್ರ ಓಡುತ್ತಿದೆ, ಆದರೆ ಬಿಸಿ ಸಾಲದು ಎಂಬುದು ಮುಂದಿನ ಸ್ಥಿತಿ. ಇಂಥಲ್ಲಿ ಮೊದಲು ಸಂಶಯಪಡಬೇಕಾದ್ದು ಅಗ್ಗದ ವಸ್ತುವನ್ನು: ಒಳಪೆಟ್ಟಿಗೆಯ ಮುಚ್ಚಳದ ಹಿಂದಿರುವ ಜಾಲರಿ, ಎಂದರೆ ಫಿಲ್ಟರನ್ನು. ಬೇಸಗೆಯ ಧೂಳನ್ನೆಲ್ಲ ತಡೆದು ಕಂಬಳಿಯಂತಾಗಿರುವ ಜಾಲರಿಯ ಮೂಲಕ ಗಾಳಿ ನುಸುಳಲಾರದು. ಗಾಳಿ ಬಾರದಿದ್ದರೆ ಸುರುಳಿ ತನ್ನ ಶಾಖವನ್ನು ಯಾರಿಗೆ ಕೊಟ್ಟೀತು? ಒಳಗಿನ ಒತ್ತಡ ಮಿತಿಮೀರಿ ಏರಿ, ಯಂತ್ರ ತನ್ನ ರಕ್ಷಣೆಗಾಗಿ ತಾನೇ ನಿಲ್ಲುತ್ತದೆ. ವಿದ್ಯುತ್ತನ್ನು ಆರಿಸಿ, ಜಾಲರಿಯನ್ನು ಹೊರತೆಗೆದು, ತಣ್ಣೀರಿನಲ್ಲಿ ತೊಳೆದು, ನೆರಳಿನಲ್ಲಿ ಒಣಗಿಸಿ ಮತ್ತೆ ಸೇರಿಸುವುದು ಹತ್ತು ವರ್ಷದ ಬಾಲಕನೂ ಹಿರಿಯರ ಕಣ್ಣೆದುರಿಗೆ ಮಾಡಬಹುದಾದ ಕೆಲಸ. ಹೊರಪೆಟ್ಟಿಗೆಯ ಸುತ್ತ ಹಳೆಯ ರಟ್ಟು, ಒಣಗಲು ಹರವಿದ ಬಟ್ಟೆ, ಬೇಸಗೆ ಮುಗಿದಾಗ ಹೊದಿಸಿ ಮರೆತ ಪ್ಲಾಸ್ಟಿಕ್ಕಿನ ಮುಸುಕು ಮುಂತಾದುವಿದ್ದರೆ ಅವನ್ನೂ ತೆಗೆಯಬೇಕು.

ಬಿಸಿಗಾಳಿ ಹಗುರವಾದ್ದರಿಂದ ಮೇಲಕ್ಕೇರುತ್ತದೆ. ಒಳಪೆಟ್ಟಿಗೆ ಇರುವುದು ಮಾಡಿಗೆ ಸಮೀಪದಲ್ಲಿ. ಉಷ್ಣತೆಯನ್ನು ಗುರುತಿಸುವ ಸಂವೇದಕವೂ ಅಲ್ಲಿಯೇ. ಗಾಳಿಯ ಪಟ್ಟಿಗಳನ್ನು ಬೇಸಗೆಯಲ್ಲಿದ್ದಂತೆ ಅಡ್ಡವಾಗಿ ಬಿಟ್ಟರೆ ಮೇಲಿನ ಗಾಳಿ ಮಾತ್ರ ಬೆಚ್ಚಗಾಗಿ, ಕೋಣೆ ಬಿಸಿಯಾಯಿತೆಂದು ಯಂತ್ರ ನಂಬಿ ವಿಶ್ರಮಿಸುತ್ತದೆ. ಕೆಳಗೆ ಓದುತ್ತ ಕುಳಿತವನ ಪಾದಗಳು ಮರಗಟ್ಟುತ್ತಿರುತ್ತವೆ. ಚಳಿಗಾಲದಲ್ಲಿ ಪಟ್ಟಿಗಳನ್ನು ನೆಲದ ಕಡೆಗೆ ಬಾಗಿಸತಕ್ಕದ್ದು.

ಇನ್ನೊಂದು ಸಂಗತಿಯನ್ನೂ ಗಮನಿಸಬೇಕು. ಕೋಣೆಯಿಂದ ಹೊರಕ್ಕೆ ಸೋರುವ ಶಾಖ ಒಳಹೊರಗಿನ ಉಷ್ಣತೆಗಳ ಅಂತರಕ್ಕೆ ಅನುಗುಣವಾಗಿರುತ್ತದೆ. ಒಳಗೆ 22, ಹೊರಗೆ 12 ಇದ್ದಾಗ ಸೋರುವುದಕ್ಕಿಂತ ಹೊರಗೆ 2 ಡಿಗ್ರಿ ಆದಾಗ ಸೋರುವುದು ಎರಡರಷ್ಟು. ಯಂತ್ರದ ಸಾಮರ್ಥ್ಯವಾದರೋ ಹೊರಗೆ ಚಳಿ ಹೆಚ್ಚಿದಂತೆ ತಗ್ಗುತ್ತದೆ, ಏಕೆಂದರೆ ಬಾವಿಯ ಮಟ್ಟ ಇಳಿದಷ್ಟೂ ಏತದ ಶ್ರಮ ಹೆಚ್ಚು. ಅಗತ್ಯ ಏರುವ ರಾತ್ರಿಯೇ ಆದಾಯ ಇಳಿಯುತ್ತದೆ. ತೀವ್ರ ಚಳಿಯ ಒಂದೆರಡು ರಾತ್ರಿಗಳಲ್ಲಿ ಮಾತ್ರ ಬಿಸಿ ಸಾಲದೆ ಹೋದರೆ ಯಂತ್ರವನ್ನು ದೂರಬೇಕಾಗಿಲ್ಲ; ಬಾಗಿಲಡಿಯ ಸಂದಿಗೆ ಬಟ್ಟೆಯ ಸುರುಳಿಯನ್ನಿಟ್ಟು ಕಿಟಕಿಗೆ ದಪ್ಪ ಪರದೆ ಕಟ್ಟಿದರೆ ಎಷ್ಟೋ ಅನುಕೂಲವಾಗುತ್ತದೆ.

ಉಷ್ಣಮಾಪಕದ ಸಾಕ್ಷ್ಯ

ಇಷ್ಟಾದರೂ ಸಮಾಧಾನವಾಗದಿದ್ದರೆ ಅಳತೆಗೆ ಇಳಿಯಬೇಕು. ಕೈಯ ಸಾಕ್ಷ್ಯವನ್ನು ನಂಬಲಾಗದು. ನಮ್ಮ ಚರ್ಮದ ಉಷ್ಣತೆ ಸುಮಾರು 33 ಡಿಗ್ರಿ. ಯಂತ್ರ ಬೀಸುವ ಗಾಳಿ ಬಹುಮಟ್ಟಿಗೆ 35ರಿಂದ 45 ಡಿಗ್ರಿ. ತಂತಿಯ ಹೀಟರಿನ ಸುಡುಗಾಳಿಗೆ ಒಗ್ಗಿದವರಿಗೆ ಇದು ಬರಿಯ ಉಗುರುಬೆಚ್ಚನೆಯದಾಗಿ ತೋರಿದರೆ ಆಶ್ಚರ್ಯವಿಲ್ಲ. ಕೋಣೆಯ ಉಷ್ಣತೆಯನ್ನು ಅಳೆಯುವ ಸಾಧಾರಣ ಉಷ್ಣಮಾಪಕವೊಂದು ಸಾಕು. ಯಂತ್ರ ಹದಿನೈದು ನಿಮಿಷ ಓಡಿದ ಮೇಲೆ ಗಾಳಿ ಒಳಹೋಗುವ ಮೇಲ್ಭಾಗದಲ್ಲಿ ಒಮ್ಮೆ, ಹೊರಬರುವ ಬಾಯಿಯೆದುರು ಒಮ್ಮೆ ಹಿಡಿದು, ಎರಡು ಅಂಕಿಗಳನ್ನು ಬರೆದುಕೊಳ್ಳಬೇಕು. ಆಗ ಮೂರರಲ್ಲಿ ಒಂದು ಉತ್ತರ ದೊರೆಯುತ್ತದೆ.

ಹೊರಬರುವ ಗಾಳಿ ಒಳಹೋಗುವ ಗಾಳಿಗಿಂತ ಹತ್ತರಿಂದ ಇಪ್ಪತ್ತು ಡಿಗ್ರಿ ಹೆಚ್ಚು ಬಿಸಿಯಾಗಿದ್ದರೆ ಯಂತ್ರ ಸರಿಯಾಗಿದೆ. ದೋಷ ಕೋಣೆಯ ಸೋರಿಕೆಯಲ್ಲಿದೆ.

ಎರಡೂ ಸಮನಾಗಿದ್ದರೆ, ಅಥವಾ ಬೀಸಣಿಗೆ ಹೊರಡುವುದೇ ಇಲ್ಲವಾದರೆ, ಶಾಖ ಒಳಸುರುಳಿಗೆ ತಲುಪುತ್ತಿಲ್ಲವೆಂದು ಅರ್ಥ. ಹೊರಪೆಟ್ಟಿಗೆಯ ಬಳಿ ನಿಂತು ಆಲಿಸಬೇಕು. ಸಂಪೀಡಕದ ಗುಂಯ್‌ಗುಟ್ಟುವಿಕೆ ಇಲ್ಲದಿದ್ದರೆ ವಿದ್ಯುತ್ತು ಅಲ್ಲಿಗೆ ಮುಟ್ಟಿಲ್ಲ, ಇಲ್ಲವೆ ಸಂಪೀಡಕವನ್ನು ಹೊರಡಿಸುವ ಭಾಗಗಳು ಕೆಟ್ಟಿವೆ. ಫಲಕದ ಎಂ.ಸಿ.ಬಿ. ಬಿದ್ದಿದೆಯೆ, ವೋಲ್ಟೇಜು ತಗ್ಗಿ ಸ್ಟೆಬಿಲೈಸರು ಸಂಪರ್ಕವನ್ನು ಕಡಿದಿದೆಯೆ ಎಂದು ನೋಡಬೇಕು. ಎಂ.ಸಿ.ಬಿ.ಯನ್ನು ಒಮ್ಮೆ ಮಾತ್ರ ಎತ್ತಬಹುದು. ಮತ್ತೆ ಬಿದ್ದರೆ ಅದು ಎಚ್ಚರಿಕೆಯ ಗಂಟೆ, ಎರಡನೆಯ ಸಲ ಎತ್ತಕೂಡದು. ಸಂಪೀಡಕ ಓಡುತ್ತಿದ್ದೂ ಬಿಸಿ ಇಲ್ಲದಿದ್ದರೆ ಶೈತ್ಯಕಾರಕ ಸೋರಿ ಕಡಿಮೆಯಾಗಿರಬಹುದು, ಇಲ್ಲವೆ ಸಂಪೀಡಕಕ್ಕೆ ಅದುಮುವ ಶಕ್ತಿ ಕುಂದಿರಬಹುದು.

ಮೂರನೆಯ ಉತ್ತರ ವಿಚಿತ್ರವಾದುದು: ಹೊರಬರುವ ಗಾಳಿ ಕೋಣೆಯ ಗಾಳಿಗಿಂತಲೂ ತಣ್ಣಗಿದೆ. ಹಿಮ ಕರಗಿಸುವ ಹೊತ್ತೂ ಅಲ್ಲ. ಹಾಗಿದ್ದರೆ ಏತ ಹಿಂದುಮುಂದಾಗಿ ಕೆಲಸ ಮಾಡುತ್ತಿದೆ. ಗದ್ದೆಯ ನೀರನ್ನೇ ಬಾವಿಗೆ ಸುರಿಯುತ್ತಿದೆ. ನಾಲ್ಕು ಬಾಯಿಯ ಕವಾಟ ಬೇಸಗೆಯ ಸ್ಥಾನದಲ್ಲಿ ಸಿಕ್ಕಿಕೊಂಡಿದೆ, ಅಥವಾ ಅದನ್ನು ಸರಿಸುವ ವಿದ್ಯುತ್ಕಾಂತದ ತಂತಿ ಸುಟ್ಟಿದೆ, ಇಲ್ಲವೆ ಅದಕ್ಕೆ ಅಪ್ಪಣೆ ಬರುತ್ತಿಲ್ಲ. ಇದಕ್ಕೆ ಹೊರಗಿನಿಂದಲೂ ಸಾಕ್ಷ್ಯ ದೊರೆಯುತ್ತದೆ. ಬಿಸಿಮಾಡುತ್ತಿರುವ ಯಂತ್ರದ ಹೊರಪೆಟ್ಟಿಗೆ ಸುತ್ತಲ ಗಾಳಿಗಿಂತ ತಣ್ಣನೆಯ ಗಾಳಿಯನ್ನು ಉಗುಳಬೇಕು. ಅದು ಬೆಚ್ಚನೆಯ ಗಾಳಿಯನ್ನು ಉಗುಳುತ್ತಿದ್ದರೆ ಸಂಶಯ ತೀರಿತು.

ಇನ್ನೂ ಒಂದು ಪರೀಕ್ಷೆ ಉಂಟು. ಮಧ್ಯಾಹ್ನ ಕೋಣೆ 20 ಡಿಗ್ರಿಗಿಂತ ಬೆಚ್ಚಗಿರುವಾಗ ಯಂತ್ರವನ್ನು ತಂಪಿಗೆ ತಿರುಗಿಸಿ, ಅತ್ಯಂತ ಕಡಿಮೆ ಅಂಕಿಗೆ ಇರಿಸಿ ಹತ್ತು ನಿಮಿಷ ನೋಡಬೇಕು. ತಂಪು ಚೆನ್ನಾಗಿ ಬಂದರೆ ಸಂಪೀಡಕವೂ ಶೈತ್ಯಕಾರಕವೂ ಬಹುಮಟ್ಟಿಗೆ ಸರಿಯಾಗಿವೆ. ದೋಷ ಕವಾಟದಲ್ಲೋ ಸಂವೇದಕದಲ್ಲೋ ಅಪ್ಪಣೆ ಕೊಡುವ ಮಂಡಲದಲ್ಲೋ ಇದೆ. ತಂಪೂ ಬಾರದಿದ್ದರೆ ಎರಡಕ್ಕೂ ಸಮಾನವಾದ ಅಂಗಗಳನ್ನು ಸಂಶಯಿಸಬೇಕು. ಒಂದೇ ಪ್ರಶ್ನೆಯಿಂದ ಅರ್ಧದಷ್ಟು ಸಂಶಯಗಳು ಕಳೆದುಹೋಗುತ್ತವೆ. ಯಂತ್ರದ ಮುಖದ ಮೇಲೆ ಅಕ್ಷರ ಅಂಕಿಗಳ ಸಂಕೇತವೇನಾದರೂ ಮಿನುಗುತ್ತಿದ್ದರೆ ಅದನ್ನೂ ಬರೆದುಕೊಳ್ಳಬೇಕು; ತಯಾರಕರ ಕೈಪಿಡಿಯಲ್ಲಿ ಅದರ ಅರ್ಥ ಇರುತ್ತದೆ.

‘ಗ್ಯಾಸು ಮುಗಿದಿದೆ’ ಎಂಬ ಮಾತು

ಮೋಟಾರಿಗೆ ಪೆಟ್ರೋಲು ಖರ್ಚಾಗುವಂತೆ ಈ ಯಂತ್ರಕ್ಕೆ ಗ್ಯಾಸು ಖರ್ಚಾಗುತ್ತದೆಂಬ ನಂಬಿಕೆ ವ್ಯಾಪಕವಾಗಿದೆ. ಅದು ನಿಜವಲ್ಲ. ಶೈತ್ಯಕಾರಕ ಮುಚ್ಚಿದ ಕೊಳವೆಗಳಲ್ಲಿ ಆವಿಯಾಗುತ್ತ ದ್ರವವಾಗುತ್ತ ವರ್ಷಗಟ್ಟಲೆ ಸುತ್ತುತ್ತದೆ; ಉರಿದುಹೋಗುವುದಿಲ್ಲ. ಕಡಿಮೆಯಾಗಿದ್ದರೆ ಎಲ್ಲೋ ಸೋರಿದೆ. ತೂತನ್ನು ಮುಚ್ಚದೆ ಕೊಡಕ್ಕೆ ನೀರು ತುಂಬುವವನನ್ನು ಬುದ್ಧಿವಂತನೆನ್ನುವೆವೆ? ಕೊಳವೆಗಳ ಜೋಡಣೆಯ ಬಳಿ ಎಣ್ಣೆಯ ಜಿಡ್ಡು, ಹೊರಸುರುಳಿಯ ಒಂದು ಮೂಲೆಯಲ್ಲಿ ಮಾತ್ರ ಹಿಮ: ಇವು ಸೋರಿಕೆಯ ಲಕ್ಷಣಗಳು. ನಿಪುಣನಾದ ಯಂತ್ರಜ್ಞ ಮೊದಲು ಸೋರುವೆಡೆಯನ್ನು ಪತ್ತೆಹಚ್ಚಿ ಮುಚ್ಚುತ್ತಾನೆ. ಕೊಳವೆಗಳೊಳಗಿನ ಗಾಳಿಯನ್ನೂ ತೇವವನ್ನೂ ಪಂಪಿನಿಂದ ಹೊರಸೆಳೆಯುತ್ತಾನೆ. ಅನಂತರ ಫಲಕದಲ್ಲಿ ನಮೂದಾಗಿರುವಷ್ಟೇ ಶೈತ್ಯಕಾರಕವನ್ನು ತೂಗಿ ತುಂಬುತ್ತಾನೆ. ‘ಎಲ್ಲಿ ಸೋರಿತ್ತು?’ ಎಂಬ ಪ್ರಶ್ನೆಯನ್ನು ಗೃಹಸ್ಥರು ಅವಶ್ಯವಾಗಿ ಕೇಳಬೇಕು.

ಎಲ್ಲಿ ನಿಲ್ಲಬೇಕು?

ಜ್ಞಾನಕ್ಕೆ ಮಿತಿಯ ಅರಿವೂ ಸೇರಿದೆ. ಜಾಲರಿ, ರಿಮೋಟು, ಎಂ.ಸಿ.ಬಿ., ಉಷ್ಣಮಾಪಕ: ಇಲ್ಲಿಗೆ ನಮ್ಮ ಕೆಲಸ ಮುಗಿಯಿತು. ಹೊರಪೆಟ್ಟಿಗೆಯ ತಿರುಪನ್ನು ಬಿಚ್ಚಲಾಗದು. ಅದರೊಳಗಿನ ಕೆಪಾಸಿಟರುಗಳು ವಿದ್ಯುತ್ತನ್ನು ಆರಿಸಿದ ಮೇಲೂ ಆವೇಶವನ್ನು ಹಿಡಿದಿಟ್ಟುಕೊಂಡಿರುತ್ತವೆ. ಮುಟ್ಟಿದವರಿಗೆ ಪ್ರಾಣಾಂತಿಕ ಆಘಾತವಾಗಬಹುದು. ಆರ್-32 ಅಷ್ಟಿಷ್ಟು ಉರಿಯುವ ಅನಿಲ; ಕೆಲವು ಯಂತ್ರಗಳಲ್ಲಿರುವ ಆರ್-290, ಎಂದರೆ ಪ್ರೊಪೇನ್, ಅಡಿಗೆಯ ಅನಿಲದಂತೆಯೇ ಚೆನ್ನಾಗಿ ಉರಿಯುತ್ತದೆ. ಮಾಳಿಗೆಯ ಅಂಚಿನಲ್ಲಿ ತೂಗುವ ಪೆಟ್ಟಿಗೆಯತ್ತ ಬಾಗುವುದೂ ಅಪಾಯವೇ. ಈ ಕೆಲಸಗಳು ತರಬೇತಿ ಪಡೆದವರಿಗೆ ಮೀಸಲು.

ಅಗ್ಗಿಷ್ಟಿಕೆಯ ಅಪಾಯ

ಯಂತ್ರಜ್ಞ ಬರುವುದು ಮರುದಿನ. ಕಳೆಯಬೇಕಾದ್ದು ಈ ರಾತ್ರಿ. ಉತ್ತರ ಭಾರತದ ಚಳಿಗಾಲದಲ್ಲಿ ಮುಚ್ಚಿದ ಕೋಣೆಯಲ್ಲಿ ಇದ್ದಲಿನ ಅಗ್ಗಿಷ್ಟಿಕೆಯನ್ನಿಟ್ಟು ಮಲಗಿದ ಕುಟುಂಬದವರು ಬೆಳಗ್ಗೆ ಏಳದೆ ಹೋದ ಸುದ್ದಿ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಸಾಕಷ್ಟು ಗಾಳಿಯಿಲ್ಲದೆಡೆ ಇದ್ದಲು ಉರಿದಾಗ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ನಮ್ಮ ರಕ್ತದ ಹಿಮೋಗ್ಲೋಬಿನ್ನು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚಾದ ಒಲವಿನಿಂದ ಅದನ್ನು ಅಪ್ಪಿಕೊಳ್ಳುತ್ತದೆ, ಆಮ್ಲಜನಕಕ್ಕೆ ಎಡೆಯಿಲ್ಲದಂತಾಗುತ್ತದೆ. ತಲೆನೋವು, ವಾಕರಿಕೆ, ತಲೆಸುತ್ತು ಮೊದಲ ಲಕ್ಷಣಗಳು. ನಿದ್ರೆಯಲ್ಲಿರುವವರಿಗೆ ಅವೂ ತಿಳಿಯವು. ಗಾಳಿ ಆಡದ ಬಚ್ಚಲುಮನೆಯಲ್ಲಿ ಗ್ಯಾಸ್ ಗೀಸರ್ ಹೊತ್ತಿಸಿ ನಮ್ಮ ಬೆಂಗಳೂರಿನಲ್ಲಿಯೂ ಜನ ಸತ್ತಿರುವುದು ಇದೇ ಅನಿಲದಿಂದ. ಚಳಿಯ ರಾತ್ರಿಯನ್ನು ರಜಾಯಿ, ಉಣ್ಣೆಯ ಉಡುಪು, ಬಿಸಿನೀರಿನ ಚೀಲಗಳಿಂದ ಕಳೆಯಬಹುದು. ತಂತಿಯ ವಿದ್ಯುತ್ ಹೀಟರನ್ನು ಬಳಸುವುದಾದರೆ ದೊಡ್ಡ ಪ್ಲಗ್ಗಿಗೇ ಸೇರಿಸಿ, ಹಾಸಿಗೆ ಪರದೆಗಳಿಂದ ದೂರವಿರಿಸಿ, ಮಲಗುವ ಮುನ್ನ ಆರಿಸಬೇಕು. ಮುಚ್ಚಿದ ಕೋಣೆಯೊಳಕ್ಕೆ ಕೆಂಡವನ್ನು ಮಾತ್ರ ತರಕೂಡದು.

ವೈದ್ಯನ ಬಳಿಗೆ ಹೋಗುವ ರೋಗಿ ‘ಮೈಯಲ್ಲಿ ಸೌಖ್ಯವಿಲ್ಲ’ ಎಂದಷ್ಟೇ ಹೇಳಿದರೆ ವೈದ್ಯನಿಗೆ ಕಷ್ಟ. ಎಂದಿನಿಂದ, ಎಲ್ಲಿ, ಎಷ್ಟು ಜ್ವರ ಎಂದು ಹೇಳಿದರೆ ಅರ್ಧ ಚಿಕಿತ್ಸೆ ಮುಗಿದಂತೆ. ಯಂತ್ರದ ವಿಷಯವೂ ಹಾಗೆಯೇ. ಸುಲಭವಾದ ಕಾರಣವನ್ನು ಮೊದಲು, ಕಠಿನವಾದುದನ್ನು ಕೊನೆಗೆ. ಒಂದು ಸಲಕ್ಕೆ ಒಂದೇ ಬದಲಾವಣೆ. ಊಹೆಗಿಂತ ಅಳತೆ ಮೇಲು: ಪ್ರಯೋಗಶಾಲೆಯಲ್ಲಿ ನಾವು ಕಲಿಯುವ ಈ ನಿಯಮಗಳು ಮನೆಯ ಗೋಡೆಯ ಮೇಲಿನ ಪೆಟ್ಟಿಗೆಗೂ ಸಲ್ಲುತ್ತವೆ. ಒಳಹೋಗುವ ಗಾಳಿಯ ಉಷ್ಣತೆ, ಹೊರಬರುವ ಗಾಳಿಯ ಉಷ್ಣತೆ, ಸಂಪೀಡಕದ ಸದ್ದು ಉಂಟೋ ಇಲ್ಲವೋ, ತಂಪು ಬರುತ್ತದೋ ಇಲ್ಲವೋ: ಈ ನಾಲ್ಕು ಸಂಗತಿಗಳನ್ನು ಒಂದು ಚೀಟಿಯಲ್ಲಿ ಬರೆದು ಯಂತ್ರಜ್ಞನ ಕೈಗಿತ್ತರೆ ಅವನ ಕೆಲಸ ಹಗುರವಾಗುತ್ತದೆ, ನಮ್ಮ ಹಣವೂ ಉಳಿಯುತ್ತದೆ.